ಹಾಲ್ ಬಿಟ್ಟು ಪೆಟ್ಟಿಗೆ ಹಿಡಿದೆವು

ನಮ್ಮ ಮಾಜಿ ಸೈನಿಕರ ಸಂಘದ ಕಳೆದ ತಿಂಗಳ ಕೂಟಕ್ಕೆ 46 ಮಂದಿ ಬಂದಿದ್ದರು. ನಾಲ್ಕು ವರ್ಷದ ಹಿಂದೆ ಬದಿಯಡ್ಕದಲ್ಲಿ ಹಾಲ್ ಹಿಡಿದು, ಮೈಕ್ ಇಟ್ಟು, ನೂರು ಕುರ್ಚಿ ಹಾಕಿಸಿದಾಗ ಬಂದವರು 11. "ಸಂಘ ಮುಗಿಯಿತು ಮಾರಾಯ್ರೆ, ಬಾಗಿಲು ಹಾಕುವ" ಎಂದು ಅವತ್ತು ಹೇಳಿದವರೇ ಈಗ "ಮುಂದಿನದ್ದು ನಮ್ಮಲ್ಲಿ ಇಡಿ" ಎಂದು ಫೋನ್ ಮಾಡುತ್ತಾರೆ. ಬೇರೆ ಕಡೆಯ ಕಾರ್ಯದರ್ಶಿಗಳಿಗೂ ಇದೇ ತಲೆನೋವು ಉಂಟಲ್ವಾ? ಅವರಿಗಾಗಿ ಬರೆಯುತ್ತಿದ್ದೇನೆ.

ನಾವು ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನ ತಂಬಿಗಳು, ಆ ದಳದ ಜವಾನರನ್ನು ಕರೆಯುವುದೇ ಹಾಗೆ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆಯಿಂದ ಮುಳ್ಳೇರಿಯದವರೆಗೆ ಚದುರಿ ಹೋಗಿದ್ದೇವೆ. ಪೆನ್ಶನ್ ಬಂದ ಮೇಲೆ ಕೆಲವರು ಡಿಎಸ್‌ಸಿ (ಮಿಲಿಟರಿ ಜಾಗಗಳನ್ನು ಕಾಯುವ ದಳ) ಸೇರಿ ಮತ್ತೆ ಹೊರಗೆ ಹೋದರು. ಉಳಿದವರು ತೋಟಕ್ಕೆ ಇಳಿದರು. ಒಬ್ಬರ ಮುಖ ಇನ್ನೊಬ್ಬರಿಗೆ ಮಿಲಿಟರಿ ಕ್ಯಾಂಟೀನಿನ ಸಾಲಿನಲ್ಲಿ ಮಾತ್ರ ಕಾಣುತ್ತಿತ್ತು.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಹಾಲ್, ಮೈಕ್, ಹಾರ, ತಿಂಡಿ ಎಲ್ಲ ಸೇರಿ ಒಂದು ಸಭೆಗೆ ಏಳೆಂಟು ಸಾವಿರ. ಎರಡು ವರ್ಷದಲ್ಲಿ ಮೂವತ್ತು ಸಾವಿರ ಹೋಯಿತು. ಆಮೇಲೆ ಸ್ಮರಣ ಸಂಚಿಕೆ. 300 ಪ್ರತಿಗೆ ಸುಮಾರು 38,000. ಅಂಗಡಿಗಳ ಜಾಹೀರಾತಿನಿಂದ ಬಂದದ್ದು 15,000. ಉಳಿದ 170 ಪ್ರತಿ ನನ್ನ ಮನೆಯ ಅಟ್ಟ ಸೇರಿತು. ಎರಡನೇ ಮಳೆಗಾಲಕ್ಕೆ ಒರಲೆ ಹಿಡಿಯಿತು. ದುಡ್ಡಿಗಿಂತ ಜಾಸ್ತಿ ನೋವಾದದ್ದು ಬೇರೆ ವಿಷಯಕ್ಕೆ. ಪುಸ್ತಕದ ತುಂಬ ಗಣ್ಯರ ಸಂದೇಶ, ಗುಂಪು ಫೋಟೋ. ನಮ್ಮ ಜವಾನರು ಕಂಡದ್ದು, ಪಟ್ಟದ್ದು ಬರೀ ಒಂದೂವರೆ ಪುಟ.

ಅವರ ಅನುಭವ ಬರೆಸಲು ಇಪ್ಪತ್ತು ಪ್ರಶ್ನೆಯ ಫಾರಂ ಮಾಡಿ 80 ಜನಕ್ಕೆ ಅಂಚೆಯಲ್ಲಿ ಕಳಿಸಿದೆ. ಆರು ವಾಪಸ್ ಬಂತು. ಎಲ್ಲದರಲ್ಲೂ ಯುನಿಟ್ ಹೆಸರು, ಪೋಸ್ಟಿಂಗ್ ಜಾಗ, ಅಷ್ಟೆ. ವಾಟ್ಸಾಪ್ ಗುಂಪು ಮಾಡಿದೆ. ಚುನಾವಣೆಯ ಹೊತ್ತಿಗೆ ಜಗಳವಾಗಿ ಒಂದೇ ದಿನ 14 ಜನ ಹೊರಗೆ ಹೋದರು.

ದಾರಿ ಸಿಕ್ಕಿದ್ದು ಒಂದು ನವೆಂಬರಿನಲ್ಲಿ. ಪೆರ್ಲದ ಹತ್ತಿರ ನಮ್ಮ ಹವಾಲ್ದಾರರೊಬ್ಬರ ಹೆಂಡತಿ ಇದ್ದಾರೆ. ಫ್ಯಾಮಿಲಿ ಪೆನ್ಶನ್‌ನ ಜೀವನ ಪ್ರಮಾಣಕ್ಕೆ (ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ಕೊಡುವ ಸರ್ಟಿಫಿಕೇಟು) ಎರಡು ಸಲ ಪೇಟೆಗೆ ಹೋಗಿ ಬಂದಿದ್ದರು. ಅಡಿಕೆ ಸುಲಿದು ಸುಲಿದು ಬೆರಳಿನ ಗೆರೆಯೇ ಸವೆದು ಹೋಗಿತ್ತು, ಯಂತ್ರ ಹಿಡಿಯುವುದಿಲ್ಲ. ನಾನು ಮನೆಗೆ ಹೋಗಿ ಫೋನಿನಲ್ಲೇ ಮುಖ ತೋರಿಸಿ ಮಾಡಿಸಿದೆ. ಹತ್ತು ನಿಮಿಷದ ಕೆಲಸ. ಹೊರಡುವಾಗ ಅವರು ಹೇಳಿದರು, "ಅಣ್ಣಾ, ಒಳಗೆ ಅವರ ಪೆಟ್ಟಿಗೆ ಉಂಟು. ಹೋದ ಮೇಲೆ ತೆಗೀಲೇ ಇಲ್ಲ. ನೀವೊಮ್ಮೆ ನೋಡ್ತೀರಾ?"

ಕಪ್ಪು ತಗಡಿನ ಟ್ರಂಕು. ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ರ್‍ಯಾಂಕು, ಹೆಸರು. ಒಳಗೆ ಡಿಸ್ಚಾರ್ಜ್ ಬುಕ್, ಎರಡು ಮೆಡಲ್, ಅವರ ಅಮ್ಮ ಕನ್ನಡದಲ್ಲಿ ಬರೆಸಿದ ಇನ್‌ಲ್ಯಾಂಡ್ ಪತ್ರಗಳು. ನನ್ನ ಬೈಕ್ ನೋಡಿ ಪಕ್ಕದ ಮನೆಯ ನಾಯಕ್ ಬಂದರು. ಅವರು ಇನ್ನಿಬ್ಬರಿಗೆ ಫೋನ್ ಮಾಡಿದರು. ಸಂಜೆ ಜಗಲಿಯಲ್ಲಿ ಏಳು ಜನ ಕೂತಿದ್ದೆವು. ಮೈಕ್ ಇಲ್ಲ, ಕರೆಯೋಲೆ ಇಲ್ಲ. ಎಂಟು ಗಂಟೆಯವರೆಗೆ ಯಾರೂ ಏಳಲಿಲ್ಲ.

ಅಲ್ಲಿಂದ ನಿಯಮ ಮಾಡಿದೆ. ತಿಂಗಳ ಎರಡನೇ ಭಾನುವಾರ, ಒಂದು ಮನೆ, ಒಂದು ಪೆಟ್ಟಿಗೆ. ಮೊದಲು ಕಾಗದ ಪತ್ರದ ಕೆಲಸ: ಸ್ಪರ್ಶ್ (ಪೆನ್ಶನ್ನಿನ ಆನ್‌ಲೈನ್ ವ್ಯವಸ್ಥೆ), ಇಸಿಎಚ್‌ಎಸ್ (ಮಾಜಿ ಸೈನಿಕರ ಚಿಕಿತ್ಸಾ ಯೋಜನೆ) ಕಾರ್ಡ್, ದಾಖಲೆಯಲ್ಲಿ ಒಂದು ಹೆಸರು ಆಧಾರಿನಲ್ಲಿ ಇನ್ನೊಂದು ಹೆಸರು ಇರುವ ರಗಳೆ. ಇಲ್ಲಿ ಇನ್ನೊಂದು ಕಷ್ಟ ಉಂಟು. ಕಚೇರಿಯ ಕಾಗದ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ, ನಮ್ಮ ಹಳಬರು ಕನ್ನಡ ಶಾಲೆಯವರು. ಓದಿ ಹೇಳಲು ಕಾಲೇಜಿನ ಹುಡುಗಿಯೊಬ್ಬಳು ಬರುತ್ತಾಳೆ. ಕೆಲಸ ಮುಗಿದ ಮೇಲೆ ಪೆಟ್ಟಿಗೆ. ಕೊನೆಗೆ ಸಜ್ಜಿಗೆ ಬಜಿಲ್, ಚಹಾ.

ಭಾಷಣ ಇಲ್ಲ, ಹಾರ ಇಲ್ಲ, ವೇದಿಕೆ ಇಲ್ಲ. ಇದಕ್ಕೆ ಹಿರಿಯರೊಬ್ಬರು ಸಿಟ್ಟಾಗಿ ಎಂಟು ತಿಂಗಳು ಬರಲಿಲ್ಲ. ತಿಂಡಿಯ ಖರ್ಚು ಸಂಘದ್ದೇ, ಮನೆಯವರು ಒಂದು ರೂಪಾಯಿ ಹಾಕಬಾರದು. ಇದನ್ನು ಸಡಿಲ ಮಾಡಬೇಡಿ. ಮಾಡಿದರೆ ಬಡವರು ಮನೆಗೆ ಕರೆಯುವುದೇ ಇಲ್ಲ. ತಿಂಗಳಿಗೆ ಹೆಚ್ಚೆಂದರೆ 1,500 ಆಗುತ್ತದೆ, ಡಬ್ಬಿಗೆ ಬೀಳುವುದು ಎರಡು ಸಾವಿರದ ಹತ್ತಿರ. ವಂತಿಗೆ ಕೇಳುವುದನ್ನೇ ಬಿಟ್ಟಿದ್ದೇನೆ.

ನೆನಪು ತೆಗೆಸುವ ವಿಷಯ. ಬಾಯಲ್ಲಿ ಪ್ರಶ್ನೆ ಕೇಳಬೇಡಿ, ಕೈಗೆ ಏನಾದರೂ ಕೊಡಿ. 1971ರ ಡಿಸೆಂಬರಿನ ಯುದ್ಧದಲ್ಲಿ ಪಾಕಿಸ್ತಾನದ ಶಕರ್‌ಗಢದ ಕಡೆ ಬಸಂತರ್ ನದಿಯಲ್ಲಿ ನಮ್ಮ ಟ್ಯಾಂಕುಗಳಿಗೆ ಮೈನು (ನೆಲದಲ್ಲಿ ಹೂತಿಟ್ಟ ಬಾಂಬು) ತೆಗೆದು ದಾರಿ ಮಾಡಿದ್ದು 9 ಎಂಜಿನಿಯರ್ ರೆಜಿಮೆಂಟು, ನಮ್ಮ ತಂಬಿಗಳೇ. ಅದರಲ್ಲಿದ್ದ ಒಬ್ಬರು ನಮ್ಮ ಸಂಘದಲ್ಲಿದ್ದಾರೆ. ಮಕ್ಕಳಿಗೂ ಆ ಬಗ್ಗೆ ಒಂದು ಮಾತು ಹೇಳಿದವರಲ್ಲ. ಅವರ ಕೈಗೆ ಒಂದು ಕಬ್ಬಿಣದ ಸರಳು ಕೊಟ್ಟೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಮತ್ತೆ ಅಂಗಳಕ್ಕೆ ಇಳಿದು ಹೊಟ್ಟೆ ಅಡಿ ಮಾಡಿ ಮಲಗಿಯೇ ಬಿಟ್ಟರು. ಎಪ್ಪತ್ತೈದು ದಾಟಿದ ದೇಹ. ಸರಳನ್ನು ಓರೆಯಾಗಿ ಮಣ್ಣಿಗೆ ಊರಿದರು, ತೆಗೆದರು, ನಾಲ್ಕು ಬೆರಳು ಆಚೆ ಮತ್ತೆ ಊರಿದರು. "ನೇರ ಚುಚ್ಚಿದ್ರೆ ಮೈನಿನ ತಲೆಗೇ ಹೋಗ್ತದೆ. ಓರೆ ಚುಚ್ಚಿದ್ರೆ ಬದಿಗೆ ತಾಗ್ತದೆ. ತಾಗಿದ್ದು ಕೈಗೆ ಗೊತ್ತಾಗ್ತದೆ" ಎಂದರು. ಮೊಮ್ಮಗ ಪಕ್ಕದಲ್ಲಿ ಮಲಗಿ ನೋಡುತ್ತಿದ್ದ. ಆಮೇಲೆ ಒಂದು ಗಂಟೆ ಮಾತಾಡಿದರು. ಇಟಲಿಯಲ್ಲಿ 1944ರಲ್ಲಿ ಜೊತೆಯವರನ್ನು ಉಳಿಸಲು ಮೈನಿನ ಮೇಲೆ ಬಿದ್ದು ಪ್ರಾಣ ಕೊಟ್ಟ ನಮ್ಮ ಸುಬೇದಾರ್ ಸುಬ್ರಮಣಿಯನ್ ಕತೆಯನ್ನು ರಿಕ್ರೂಟ್ ಆಗಿದ್ದಾಗ ತರಬೇತಿಯ ಉಸ್ತಾದ್ ಹೇಳಿದ್ದರಂತೆ. ಅದನ್ನು ಹೇಳುವಾಗ ಅವರ ಧ್ವನಿ ನಡುಗಿತು.

ಯಾರಿಗೆ ಯಾವ ವಸ್ತು ಕೊಡಬೇಕು ಎಂದು ಮೊದಲೇ ಪತ್ತೆ ಮಾಡಲು ನನ್ನದೊಂದು ದಾರಿ ಉಂಟು. ಅದು ಸದ್ಯ ನನ್ನಲ್ಲೇ ಇರಲಿ.

ಮಾತನ್ನು ತಿದ್ದಬೇಡಿ. ನಮ್ಮವರು ಮನೆ ವಿಷಯ ತುಳುವಿನಲ್ಲಿ, ಆರ್ಡರ್ ಹಿಂದಿಯಲ್ಲಿ, ಬ್ಯಾರಕ್ಕಿನ ತಮಾಷೆ ತಮಿಳಿನಲ್ಲಿ ಹೇಳುತ್ತಾರೆ. ಕನ್ನಡದಲ್ಲಿ ಹೇಳಿ ಎಂದರೆ ಅಲ್ಲಿಗೇ ನಿಲ್ಲುತ್ತದೆ. ಬರೆದಿಡುವುದು ಕನ್ನಡದಲ್ಲಿ, ಆದರೆ ಆ ಶಬ್ದಗಳನ್ನು ಹಾಗೆಯೇ ಬಿಡುತ್ತೇವೆ.

ಗಾಜಿಗೆ ಅಂಟಿಕೊಂಡ ಫೋಟೋ ಕೀಳಲು ಹೋಗಬೇಡಿ. ಒಂದು ಮುಖ ನಾನೇ ಹಾಳು ಮಾಡಿದ್ದೇನೆ, ಈಗಲೂ ಸಂಕಟವಾಗುತ್ತದೆ. ಗಾಜಿನ ಮೇಲಿಂದಲೇ, ಬದಿಯಿಂದ ಬೆಳಕು ಬರುವ ಹಾಗೆ ಇಟ್ಟು ಅದರ ಫೋಟೋ ತೆಗೆಯಿರಿ. ಮಳೆಗಾಲದ ಬೂಷ್ಟಿಗೆ ಫೋಟೋಗಳನ್ನು ಅಕ್ಕಿ ತುಂಬಿದ ಡಬ್ಬಿಯಲ್ಲಿಟ್ಟು ನೋಡಿದೆ, ಹುಳ ಬಂತು. ಈಗ ಚಪ್ಪಲಿ ಅಂಗಡಿಯಿಂದ ಸಿಲಿಕಾ ಜೆಲ್ ಪೊಟ್ಟಣ ಕೇಳಿ ತರುತ್ತೇನೆ.

ಸೆಪ್ಟೆಂಬರ್ 30 ನಮ್ಮ ಮದ್ರಾಸ್ ಸ್ಯಾಪರ್ಸ್ ಗ್ರೂಪ್ ಹುಟ್ಟಿದ ದಿನ, 1780ರದ್ದು. ಆ ದಿನ ಶಾಲೆ ಮಕ್ಕಳಿಗೆ ಬೈಲಿ ಸೇತುವೆಯ (ಬಿಡಿ ಭಾಗ ಜೋಡಿಸಿ ಕಟ್ಟುವ ಸೈನ್ಯದ ಸೇತುವೆ) ಮಾದರಿ ತೋರಿಸಿದೆವು. ನಿಜವಾದದ್ದರ ಒಂದು ಪ್ಯಾನೆಲ್ ಸುಮಾರು 260 ಕಿಲೋ, ಆರು ಜನ ಹೊರಬೇಕು. ನಾವು ಅಡಿಕೆ ಸಲಾಕೆಯಲ್ಲಿ ಕಟ್ಟಿಸಿದೆವು. ತೋಡಿಗೆ ಅಡ್ಡ ಹಾಕಿದ್ದೇ ಮುರಿಯಿತು. ಬಿದಿರಿನಲ್ಲಿ ಮತ್ತೆ ಮಾಡಬೇಕು.

ಇಲ್ಲಿಯವರೆಗೆ 31 ಮನೆ ಆಗಿದೆ. ಅರುವತ್ತು ಗಂಟೆಯಷ್ಟು ಧ್ವನಿ, ಒಂಬೈನೂರರ ಹತ್ತಿರ ಫೋಟೋ. ಎರಡು ಹಾರ್ಡ್ ಡಿಸ್ಕಿನಲ್ಲಿ, ಎರಡು ಬೇರೆ ಮನೆಯಲ್ಲಿ ಇಟ್ಟಿದ್ದೇವೆ. ಇಷ್ಟು ಕೆಲಸ ಮಾಡಿದ ಸಂಘ ನಮ್ಮ ಕಡೆ ಇನ್ನೊಂದನ್ನು ನಾನು ಕಂಡಿಲ್ಲ.

ಈ ಸಲದ್ದು ಅಡೂರಿನಲ್ಲಿ. ಪೆಟ್ಟಿಗೆಯ ಕೀ ಕಳೆದು ಮೂವತ್ತು ವರ್ಷ ಆಯಿತಂತೆ. ಬೀಗ ಒಡೆಯಬೇಡಿ, ನಾವೆಲ್ಲ ಬರುವವರೆಗೆ ಹಾಗೇ ಇರಲಿ ಎಂದು ಹೇಳಿದ್ದೇನೆ.