ಹೊಸ ಸಭೆಗೆ ಬಂದ ಸಭಾಪಾಲಕರು ಮನೆ ಭೇಟಿ ಮಾಡುವುದು ಹೇಗೆ?

ಕೆ.ಜಿ.ಎಫ್. ಮತ್ತು ಬೆಂಗಳೂರಿನ ಲೂಥರನ್ ಕ್ರೈಸ್ತ ಸಭೆಗಳಿಗೆ ಹೊಸದಾಗಿ ಬರುವ ಸಭಾಪಾಲಕರಲ್ಲಿ (ಪಾಸ್ಟರುಗಳಲ್ಲಿ) ಕೆಲವರು ಮೊದಲ ತಿಂಗಳುಗಳನ್ನೆಲ್ಲ ಮೈಕು, ಬ್ಯಾನರು, ಬಣ್ಣ ಬಳಿಸುವ ಕೆಲಸಗಳಲ್ಲೇ ಕಳೆದುಬಿಡುತ್ತಾರೆ. ಸಭೆಯ ಅರ್ಧದಷ್ಟು ಮನೆಗಳ ಹೊಸ್ತಿಲನ್ನೂ ಅವರು ತುಳಿದಿರುವುದಿಲ್ಲ.

ಮೊದಲು, ದೀಕ್ಷಾಸ್ನಾನ, ವಿವಾಹ ಮತ್ತು ಮರಣದ ದಾಖಲೆ ಪುಸ್ತಕಗಳನ್ನೂ ಕಾಣಿಕೆಯ ಲೆಕ್ಕವನ್ನೂ ಖಜಾಂಚಿಯವರ ಎದುರಿನಲ್ಲಿ ನೋಡಿ, ಸಹಿ ಮಾಡಿ ವಹಿಸಿಕೊಳ್ಳಿ. ಮೊದಲ ಭಾನುವಾರ ಆ ದಿನಕ್ಕೆ ನಿಗದಿಯಾದ ವೇದಪಾಠದ ಮೇಲೆಯೇ ಪ್ರಸಂಗ ಮಾಡಿ; ನಿಮ್ಮ ಮೆಚ್ಚಿನ ವಚನ ಕಾಯಲಿ.

ಎಡವುವುದು ಮುಂದಿನ ಹಂತವಾದ ಮನೆ ಭೇಟಿಯಲ್ಲಿ. ಸದಸ್ಯರ ಪಟ್ಟಿಯನ್ನು ಹಿಡಿದು, ಹಾಸಿಗೆ ಹಿಡಿದವರ ಮತ್ತು ಬಹುಕಾಲದಿಂದ ಆರಾಧನೆಗೆ ಬಾರದವರ ಮನೆಗಳಿಂದ ಆರಂಭಿಸಿ. ಸಭಾ ಹಿರಿಯರ ಮನೆಯ ಊಟ ಆಮೇಲೆ ಆಗಲಿ. ಮೊದಲು ಎಲ್ಲಿ ಉಂಡಿರಿ ಎಂಬುದನ್ನು ಇಡೀ ಸಭೆ ಲೆಕ್ಕವಿಡುತ್ತದೆ. ದಾರಿ ತೋರಿಸಲು ಒಬ್ಬ ಹಿರಿಯರು ಜೊತೆಗಿರಲಿ, ಆದರೆ ಖಜಾಂಚಿಯವರನ್ನು ಕರೆದೊಯ್ಯಬೇಡಿ. ಅವರನ್ನು ಕಂಡೊಡನೆ ಮನೆಯವರು ಬಾಕಿ ಚಂದಾದ ಮಾತೆತ್ತುತ್ತಾರೆ, ಭೇಟಿ ಅಲ್ಲಿಗೇ ಮುಗಿಯುತ್ತದೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ದುಡಿಯುವವರಲ್ಲಿ ಬಹಳಷ್ಟು ಮಂದಿ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರಾದ್ದರಿಂದ, ವೃದ್ಧರನ್ನು ವಾರದ ದಿನಗಳ ಹಗಲಿನಲ್ಲಿಯೂ ಉಳಿದವರನ್ನು ಭಾನುವಾರ ಸಂಜೆಯೂ ಕಾಣಬೇಕು. ಮನೆಮಾತು ತಮಿಳಾಗಿದ್ದರೆ ಪ್ರಾರ್ಥನೆಯೂ ತಮಿಳಿನಲ್ಲಿರಲಿ.

ಒಳಗೆ ಕುಳಿತ ಮೇಲೆ "ಚರ್ಚಿಗೆ ಯಾಕೆ ಬರುತ್ತಿಲ್ಲ?" ಎಂದು ಕೇಳಬೇಡಿ. ಮನೆಯಲ್ಲಿ ಯಾರ್‍ಯಾರಿದ್ದಾರೆ, ಯಾರಿಗೆ ಏನು ಕಾಯಿಲೆ ಎಂದು ಕೇಳಿದರೆ ಕಾರಣ ತಾನಾಗಿಯೇ ಹೊರಬರುತ್ತದೆ. ಯಾರಾದರೂ ಪಾಪ ಅರಿಕೆ ಮಾಡಲು ಬಯಸಿದರೆ ಜೊತೆಗಿರುವ ಹಿರಿಯರನ್ನು ಹೊರಗೆ ಕಳುಹಿಸಿ. ಖಾಸಗಿ ಅರಿಕೆ ರೋಮನ್ ಕ್ಯಾಥೊಲಿಕರಿಗೆ ಮಾತ್ರ ಸೇರಿದ್ದೆಂಬುದು ತಪ್ಪು ಕಲ್ಪನೆ. ಲೂಥರನ್ ಸಭೆಗಳ ಮೂಲ ವಿಶ್ವಾಸ ಪ್ರಮಾಣವಾದ 1530ರ ಆಗ್ಸ್‌ಬರ್ಗ್ ಅರಿಕೆಯ 11ನೆಯ ಲೇಖನವೇ ಅದನ್ನು ಉಳಿಸಿಕೊಳ್ಳಬೇಕೆನ್ನುತ್ತದೆ. ಕೇಳಿದ್ದು ನಿಮ್ಮಲ್ಲೇ ಉಳಿಯಲಿ. ಪ್ರಾರ್ಥನಾ ವಿನಂತಿಯೆಂದು ಕಾಯಿಲೆಯ ವಿವರವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಸುಲಭದ ದಾರಿಯನ್ನು ಹಿಡಿಯಲೇಬೇಡಿ.

ಕರ್ತನ ಭೋಜನವನ್ನು, ಅಂದರೆ ಯೇಸು ಸ್ಥಾಪಿಸಿದ ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರವನ್ನು, ಮನೆಯಲ್ಲಿ ಕೊಡುವುದಾದರೆ ಬಿಳಿ ಬಟ್ಟೆ, ಸಣ್ಣ ಪಾತ್ರೆ, ಗಾಳಿಯಾಡದ ಡಬ್ಬಿಯಲ್ಲಿ ರೊಟ್ಟಿ ಒಯ್ಯಿರಿ. ಮಳೆಗಾಲದಲ್ಲಿ ತೆರೆದಿಟ್ಟ ತೆಳು ರೊಟ್ಟಿ ಮೆತ್ತಗಾಗಿ ನಾಲಿಗೆಗೆ ಅಂಟಿಕೊಳ್ಳುತ್ತದೆ. ರೊಟ್ಟಿ ಮತ್ತು ರಸವನ್ನು ಒಂದೇ ಪ್ಲಾಸ್ಟಿಕ್ ಕಪ್ಪಿನಲ್ಲಿಟ್ಟು ಮೊಹರು ಮಾಡಿ ಮಾರುವ ಸರಕನ್ನು ನಾನು ಒಪ್ಪುವುದಿಲ್ಲ. ನಡುಗುವ ಕೈಗಳು ಅದರ ಹಾಳೆಯನ್ನು ಕೀಳಲಾರವು, ಕಿತ್ತರೂ ರಸ ಚೆಲ್ಲುತ್ತದೆ. ನುಂಗಲು ಕಷ್ಟಪಡುವವರಿಗೆ ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಡಿ. ಕರ್ತನು ಭೋಜನವನ್ನು ಸ್ಥಾಪಿಸಿದಾಗ ನುಡಿದ ಮಾತುಗಳನ್ನು ಅವಸರವಿಲ್ಲದೆ, ಅವರಿಗೆ ಕೇಳಿಸುವಂತೆ ಹೇಳಿ.

ಆರಾಧನಾ ಕ್ರಮವನ್ನು ಒಂದು ಪೂರ್ಣ ಸಭಾವರ್ಷ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ಒಂದು ಆಗಮನ ಕಾಲದಿಂದ ಮುಂದಿನದರವರೆಗೆ, ಮುಟ್ಟಬೇಡಿ. ಆ ಬಳಿಕ ಬದಲಾವಣೆ ಬೇಕೆನಿಸಿದರೆ ಸಭಾ ಮಂಡಳಿಯ ಮುಂದೆ ಲಿಖಿತವಾಗಿ ಇಡಿ.