ಪಾರ್ಕಿನ ಕೆಲಸ ಮಣ್ಣಿನಿಂದ ಶುರು

ಪಾರ್ಕಿನ ಸುಧಾರಣೆಗೆ ಹಣ ಬಂತು ಅಂದರೆ ಮೊದಲು ಕೇಳಿಬರುವುದು ಕಾರಂಜಿ, ಕಮಾನು, ಬಣ್ಣದ ದೀಪ. ಕಣ್ಣಿಗೆ ಕಾಣುವ ಕೆಲಸ ಬೇಕು ಅನ್ನುವುದು ಸಹಜವೇ. ಆದರೆ ಪಾರ್ಕುಗಳ ದುರಸ್ತಿ, ನಿರ್ವಹಣೆ ನೋಡಿಕೊಳ್ಳುವ ನಾನು ಯಾವ ಪಾರ್ಕಿನ ಕೆಲಸವನ್ನೇ ಆದರೂ ಶುರು ಮಾಡುವುದು ಮಳೆಯಲ್ಲಿ. ಮಳೆ ಜೋರಾಗಿ ಬಂದು ತಗ್ಗುತ್ತಿದ್ದಂತೆ ಇಡೀ ಪಾರ್ಕು ಸುತ್ತುತ್ತೇನೆ. ನೀರು ಎಲ್ಲಿಂದ ಇಳಿಯುತ್ತಿದೆ, ಎಲ್ಲಿ ನಿಂತಿದೆ, ಎಲ್ಲಿ ಮಣ್ಣು ಕೊಚ್ಚಿಕೊಂಡು ಹೋಗಿದೆ ಅಂತ ನೋಡಿ, ನೀರು ನಿಂತ ಕಡೆಯೆಲ್ಲ ಗೂಟ ಹೊಡೆಸುತ್ತೇನೆ. ಬಿಸಿಲಲ್ಲಿ ಕೂತು ಬರೆದ ನಕ್ಷೆಯಲ್ಲಿ ಇದು ಯಾವುದೂ ಕಾಣುವುದಿಲ್ಲ.

ನಿಂತ ನೀರು ಸಣ್ಣ ವಿಷಯ ಅಂತ ಅನ್ನಿಸಬಹುದು. ದಾರಿಯಲ್ಲಿ ನೀರು ನಿಂತರೆ ನಡೆಯುವವರು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಹುಲ್ಲು ಸಾಯುತ್ತದೆ. ಬರಿ ಮಣ್ಣು ತುಳಿತಕ್ಕೆ ಸಿಕ್ಕಿ ಗಟ್ಟಿಯಾಗುತ್ತದೆ. ಗಟ್ಟಿ ಮಣ್ಣಲ್ಲಿ ನೀರು ಇಂಗುವುದಿಲ್ಲ, ಹಾಗಾಗಿ ಮುಂದಿನ ಮಳೆಗೆ ಇನ್ನೂ ಜಾಸ್ತಿ ನೀರು ನಿಲ್ಲುತ್ತದೆ. ಜನ ಇನ್ನೂ ಆಚೆ ಸರಿದು ನಡೆಯುತ್ತಾರೆ. ಹೀಗೆ ಎರಡು ಮೀಟರಿನ ದಾರಿ ನಾಲ್ಕು ಮೀಟರಿನ ಕೆಸರಾಗುತ್ತದೆ.

ಇದಕ್ಕೆ ಎಷ್ಟೋ ಸಲ ಹೊಸ ಚರಂಡಿಯೇ ಬೇಕಾಗುವುದಿಲ್ಲ. ದಾರಿಯ ಅಂಚನ್ನು ಬಗ್ಗಿ ನೋಡಿ. ವರ್ಷಗಟ್ಟಲೆ ಬಿದ್ದ ಎಲೆ, ಧೂಳು, ಹುಲ್ಲಿನ ಬೇರು ಸೇರಿ ಅಂಚಿನ ಮಣ್ಣು ದಾರಿಗಿಂತ ಎತ್ತರ ಬೆಳೆದಿರುತ್ತದೆ. ಪಕ್ಕಕ್ಕೆ ಹರಿದು ಹೋಗಬೇಕಾದ ನೀರು ದಾರಿಯಲ್ಲೇ ಕಾಲುವೆಯಂತೆ ಹರಿಯುತ್ತದೆ. ನಾವು ಸನಿಕೆ ಹಿಡಿದು ಆ ಅಂಚನ್ನು ದಾರಿಯ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕೆತ್ತುತ್ತೇವೆ. ದಾರಿಗೆ ಅಡ್ಡಲಾಗಿ 100ಕ್ಕೆ 2ರಷ್ಟು ಇಳಿಜಾರು ಇದ್ದರೆ ಸಾಕು, ನಡೆಯುವವರಿಗೆ ಗೊತ್ತೂ ಆಗದಂತೆ ನೀರು ಹರಿದುಹೋಗುತ್ತದೆ. ನಾನು ಮಾಡಿಸಿದ ಸುಧಾರಣೆಗಳಲ್ಲಿ ಅತಿ ಕಡಿಮೆ ಖರ್ಚಿನದು ಇದು. ಫೋಟೊ ತೆಗೆಯಲು ಏನೂ ಇಲ್ಲದ ಕೆಲಸ ಕೂಡ.

ಆಮೇಲೆ ಮಣ್ಣು. ಒಳ್ಳೆಯ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಜಾಗ ಖಾಲಿ ಇರುತ್ತದೆ, ಅದರಲ್ಲಿ ಗಾಳಿ ಮತ್ತು ನೀರು. ತುಳಿದೂ ತುಳಿದೂ ಆ ಜಾಗ ಮುಚ್ಚಿಹೋದರೆ ಬೇರಿಗೆ ಉಸಿರಿಲ್ಲ. ಪರೀಕ್ಷೆ ಸುಲಭ. ಮಣ್ಣು ಹದವಾಗಿ ತೇವ ಇದ್ದಾಗ ಒಂದು ತೆಳು ಕಬ್ಬಿಣದ ಸರಳನ್ನು ಕೈಯಿಂದ ಒತ್ತಬೇಕು. ಗಿಡಗಳು ಚೆನ್ನಾಗಿರುವ ಕಡೆ ಅದು ಸಲೀಸಾಗಿ ಇಳಿಯುತ್ತದೆ. ಬೆಂಚಿನ ಮುಂದೆ, ಗೇಟಿನ ಹತ್ತಿರ ನಾಲ್ಕು ಬೆರಳು ಇಳಿಯುವಷ್ಟರಲ್ಲಿ ನಿಂತುಬಿಡುತ್ತದೆ. ಇನ್ನೂ ಖಚಿತವಾಗಿ ತಿಳಿಯಬೇಕಿದ್ದರೆ 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಒಮ್ಮೆ ನೀರು ತುಂಬಿ ಇಂಗಲು ಬಿಟ್ಟು, ಮತ್ತೆ ತುಂಬಿ ಅಳೆಯುತ್ತೇವೆ. ಗಂಟೆಗೆ 2–3 ಸೆಂಟಿಮೀಟರ್ ಇಳಿದರೆ ಚಿಂತೆಯಿಲ್ಲ. ಇಳಿಯದೆ ಹಾಗೇ ನಿಂತರೆ ಅಲ್ಲಿ ಗಿಡ ನೆಡುವ ಮಾತು ಆಮೇಲೆ. ವರ್ಷ ವರ್ಷ ಅದೇ ಜಾಗದಲ್ಲಿ ಸಸಿ ನೆಟ್ಟು, ವರ್ಷ ವರ್ಷ ಸಾಯಿಸಿ, ಸಸಿಯೇ ಸರಿಯಿಲ್ಲ ಅಂತ ಹೇಳುವುದನ್ನು ಬಹಳ ಕಡೆ ನೋಡಿದ್ದೇನೆ.

ಖಾಲಿ ಜಾಗವಾದರೆ ಅಗೆದು ಗೊಬ್ಬರ ಸೇರಿಸಬಹುದು. ದೊಡ್ಡ ಮರದ ಕೆಳಗೆ ಅಗೆಯಬಾರದು. ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಿಜದಲ್ಲಿ ಬಹುಪಾಲು ಬೇರುಗಳು ಇರುವುದು ಮೇಲಿನ 60 ಸೆಂಟಿಮೀಟರಿನೊಳಗೆ. ಅಗಲದಲ್ಲಿ ಮಾತ್ರ ಕೊಂಬೆಗಳ ನೆರಳನ್ನೂ ದಾಟಿ ಹೋಗಿರುತ್ತವೆ. ಹಾಗಾಗಿ ಮರದ ಬುಡದಲ್ಲಿ ನಾವು ಮಾಡುವುದು ಇಷ್ಟೇ: ಹಗ್ಗ ಕಟ್ಟಿ ಓಡಾಟ ನಿಲ್ಲಿಸುವುದು, ಪುಡಿ ಮಾಡಿದ ಕೊಂಬೆ ಮತ್ತು ತರಗೆಲೆಗಳನ್ನು 5ರಿಂದ 10 ಸೆಂಟಿಮೀಟರ್ ದಪ್ಪ ಹರಡುವುದು. ಕಾಂಡಕ್ಕೆ ತಾಗಿಸಿ ಗುಡ್ಡೆ ಹಾಕಬಾರದು, ತೊಗಟೆ ಕೊಳೆಯುತ್ತದೆ. ಸುತ್ತ ಒಂದು ಗೇಣು ಬಿಡಬೇಕು. ಉಳಿದದ್ದನ್ನು ಎರೆಹುಳುಗಳು ನೋಡಿಕೊಳ್ಳುತ್ತವೆ. ಇದಕ್ಕೆ ತಾಳ್ಮೆ ಬೇಕು, ಒಂದು ಮಳೆಗಾಲದಲ್ಲಿ ಮುಗಿಯುವುದಲ್ಲ. ಇನ್ನೊಂದು ಲಾಭವೂ ಇದೆ. ಎಳೆ ಮರದ ಸುತ್ತ ಹೊದಿಕೆ ಇದ್ದರೆ ಹುಲ್ಲು ಬೆಳೆಯುವುದಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಹತ್ತಿರ ಬರುವುದಿಲ್ಲ. ಆ ಯಂತ್ರದ ನೈಲಾನ್ ದಾರ ತೊಗಟೆಯನ್ನು ಸುತ್ತಲೂ ಕತ್ತರಿಸಿ ಕೊಂದ ಎಳೆ ಮರಗಳು ಎಷ್ಟೋ.

ಮರದ ಕೊಂಬೆ ಸವರುವ ವಿಷಯಕ್ಕೆ ಬಂದರೆ ನಾನು ಪಕ್ಕದಲ್ಲೇ ನಿಲ್ಲುತ್ತೇನೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸ್ವಲ್ಪ ಉಬ್ಬಿದ ಒಂದು ಪಟ್ಟಿ ಇರುತ್ತದೆ, ಗಮನಿಸಿದ್ದೀರಾ? ಗಾಯ ಮುಚ್ಚುವ ಅಂಗಾಂಶ ಬೆಳೆಯುವುದು ಅಲ್ಲಿಂದಲೇ. ಅದನ್ನು ಉಳಿಸಿ, ಅದರ ಹೊರಗಡೆ ಕತ್ತರಿಸಬೇಕು. ಕಾಂಡಕ್ಕೆ ಸಮವಾಗಿ ನುಣ್ಣಗೆ ಕೊಯ್ದರೆ ನೋಡಲು ಚೆಂದ, ಆದರೆ ಮರದೊಳಕ್ಕೆ ಕೊಳೆತ ಇಳಿಯಲು ದಾರಿ ಮಾಡಿಕೊಟ್ಟಂತೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ಗಾಯಕ್ಕೆ ಡಾಂಬರು, ಪೇಂಟು ಬಳಿದರೆ ಕೊಳೆಯುವುದು ತಪ್ಪುವುದಿಲ್ಲ ಅನ್ನುವುದೂ ಅವರ ಕೆಲಸದಿಂದಲೇ ಸ್ಪಷ್ಟವಾಯಿತು. ಭಾರದ ಕೊಂಬೆಯಾದರೆ ಮೊದಲು ಕಾಂಡದಿಂದ ಸ್ವಲ್ಪ ದೂರದಲ್ಲಿ ಕೆಳಗಿನಿಂದ ಅರ್ಧ ಕೊಯ್ತ, ಆಮೇಲೆ ಇನ್ನೂ ಸ್ವಲ್ಪ ಆಚೆ ಮೇಲಿನಿಂದ, ಕೊನೆಗೆ ಉಳಿದ ಮೋಟು. ಹೀಗೆ ಮಾಡಿದರೆ ಬೀಳುವ ಕೊಂಬೆ ತೊಗಟೆಯನ್ನು ಸಿಗಿದುಕೊಂಡು ಬರುವುದಿಲ್ಲ.

ಹುಲ್ಲಿನ ಮೇಲೆ ಜನ ಅಡ್ಡದಾರಿ ಮಾಡಿಕೊಂಡರೆ ಬೇಲಿ ಹಾಕಬೇಕು ಅನ್ನುವ ಒತ್ತಾಯ ಯಾವಾಗಲೂ ಇರುತ್ತದೆ. ನಾನು ಬೇಲಿಗೆ ಒಪ್ಪುವುದಿಲ್ಲ. ಒಂದು ಪಾರ್ಕಿನಲ್ಲಿ ಗುತ್ತಿಗೆದಾರರು ಹಾಕಿದ್ದ ತಂತಿಬೇಲಿ ಕೆಲವೇ ವಾರಗಳಲ್ಲಿ ಬಗ್ಗಿತ್ತು. ಬೆಳಿಗ್ಗೆ, ಸಂಜೆ ಅಲ್ಲಿ ಸುಮ್ನೆ ನಿಂತು ನೋಡಿದೆ. ಶಾಲೆಗೆ ಹೋಗುವ ಮಕ್ಕಳು, ಕೆಲಸ ಮುಗಿಸಿ ಬರುವವರು, ಎಲ್ಲರೂ ಬಸ್ ಸ್ಟಾಪಿನ ಕಡೆಗೇ ಹೊರಟವರು. ಅವರಿಗೆ ಆ ದಾರಿ ಬೇಕೇ ಬೇಕು, ಅಲ್ವಾ? ಬೇಲಿ ತೆಗೆಸಿ, ಅವರು ತುಳಿದ ಜಾಡಿನ ಮೇಲೆಯೇ ಜಲ್ಲಿಪುಡಿ ಹಾಕಿ ದಮ್ಮಸು ಮಾಡಿಸಿದೆವು. ಎರಡೂ ಬದಿಯ ಹುಲ್ಲು ತಾನಾಗಿ ಚೇತರಿಸಿಕೊಂಡಿತು.

ಬೆಂಚಿನ ಬಗ್ಗೆ ಹೇಳುವುದು ಸ್ವಲ್ಪವೇ. ನೆರಳಲ್ಲಿರಲಿ, ಒರಗಲು ಬೆನ್ನು ಇರಲಿ, ಕೈ ಊರಿ ಏಳಲು ಹಿಡಿ ಇರಲಿ. ಮಂಡಿ ನೋವಿನವರು ಹಿಡಿ ಇಲ್ಲದ ಬೆಂಚಿನ ಮೇಲೆ ಕೂರುವುದೇ ಇಲ್ಲ. ಗೇಟಿನ ಇಳಿಜಾರು 1:12ಕ್ಕಿಂತ, ಅಂದರೆ 12 ಅಡಿ ಉದ್ದಕ್ಕೆ 1 ಅಡಿ ಏರುವುದಕ್ಕಿಂತ, ಕಡಿದಾಗಿದ್ದರೆ ಗಾಲಿಕುರ್ಚಿಯವರಿಗೆ ಪಾರ್ಕು ಮುಚ್ಚಿದಂತೆಯೇ. ಮಕ್ಕಳ ಜೋಕಾಲಿ ಕೆಳಗೆ ಹಾಕಿದ ಮರಳು ಕಾಲಿನ ಒದೆತಕ್ಕೆ ಸರಿದು ಗುಂಡಿ ಬೀಳುತ್ತದೆ, ಮಗು ಬೀಳುವುದೂ ಅಲ್ಲೇ. ಆ ಮರಳನ್ನು ಎಳೆದು ಸಮ ಮಾಡುವುದು, ಕೊಕ್ಕೆ ಸವೆದಿದೆಯಾ ಅಂತ ಕೈಯಿಂದ ಮುಟ್ಟಿ ನೋಡುವುದು ವಾರದ ಕೆಲಸ. ತಿಂಗಳಿಗೆ ಬಿಡಬಾರದು.

ಇದೆಲ್ಲ ನಡೆಯಬೇಕಾದರೆ ಪಾರ್ಕು ಯಾರದೋ ಒಬ್ಬರ ಕೈಯಲ್ಲಿರಬೇಕು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕು 1970ರ ದಶಕದಲ್ಲಿ ತೀರಾ ಹದಗೆಟ್ಟಿತ್ತು. 1980ರಲ್ಲಿ ಅದನ್ನು ಸರಿಪಡಿಸಲೆಂದೇ ಒಂದು ಸಂಸ್ಥೆ ಹುಟ್ಟಿತು. ಅವರು ಮುಂದೆ ಪಾರ್ಕನ್ನು 49 ಭಾಗ ಮಾಡಿ, ಒಂದೊಂದಕ್ಕೂ ಒಬ್ಬೊಬ್ಬ ತೋಟಗಾರರನ್ನು ಹೊಣೆ ಮಾಡಿದರು. ಹುಲ್ಲಿಗೆ ಒಂದು ತಂಡ, ಕಸಕ್ಕೆ ಇನ್ನೊಂದು ತಂಡ ಊರೆಲ್ಲ ಸುತ್ತುವ ಪದ್ಧತಿಗಿಂತ ಇದು ಎಷ್ಟೋ ಮೇಲು. ನಾನೂ ಇದನ್ನೇ ಅನುಸರಿಸಿದೆ. ತನ್ನದೇ ಒಂದು ಭಾಗ ಸಿಕ್ಕ ಮೇಲೆ ನಮ್ಮ ತೋಟಗಾರರೊಬ್ಬರು ಒಂದು ಬೆಳಿಗ್ಗೆ, "ಸರ್, ಆ ಮೂಲೆಯ ಹುಲ್ಲು ಮಾತ್ರ ಬೇಸಿಗೆಯಲ್ಲೂ ಹಸಿರಾಗಿದೆ, ಒಳಗೆ ಪೈಪು ಒಡೆದಿರಬೇಕು" ಅಂದರು. ಅಗೆದರೆ ನಿಜವಾಗಿಯೂ ಒಡೆದಿತ್ತು. ದಿನಾ ಅದೇ ನೆಲ ನೋಡುವವರಿಗೆ ಮಾತ್ರ ಇದು ಕಾಣುತ್ತದೆ. ಅಂದಿನಿಂದ ಪೈಪು, ವಾಲ್ವು ಹೂಳುವ ಮೊದಲು ಪಕ್ಕದಲ್ಲಿ ಟೇಪು ಹಿಡಿದು ಫೋಟೊ ತೆಗೆಸಿ, ನಕ್ಷೆಯನ್ನು ಆ ಭಾಗದ ತೋಟಗಾರರಿಗೇ ಕೊಡಿಸುತ್ತಿದ್ದೇನೆ.

ಹೊಸದೇನಾದರೂ ಸೇರಿಸಿ ಅಂತ ಯಾರು ಕೇಳಿದರೂ ನಾನು ತಿರುಗಿ ಕೇಳುವುದು, ಇದನ್ನು ಯಾರು, ಯಾವುದರಿಂದ, ಎಷ್ಟು ದಿನಕ್ಕೊಮ್ಮೆ ಸ್ವಚ್ಛ ಮಾಡುತ್ತಾರೆ? ಕಾರಂಜಿಗೆ ಪಂಪು, ಫಿಲ್ಟರು, ಪಾಚಿ ತೆಗೆಯುವ ಆಳು ಬೇಕು. ಅದಕ್ಕೆ ಪ್ರತಿ ವರ್ಷ ಹಣ ಬರೆದಿಡದಿದ್ದರೆ ಅದು ಸೊಳ್ಳೆ ತೊಟ್ಟಿಯಾಗುತ್ತದೆ. ಗಿಡ ನೆಡುವ ಗುತ್ತಿಗೆಯಲ್ಲೂ ಹಾಗೇ. ನೆಟ್ಟ ಲೆಕ್ಕಕ್ಕೆ ಪೂರ್ತಿ ಹಣ ಕೊಡಬೇಡಿ. ಎರಡು ಬೇಸಿಗೆ ನೀರುಣಿಸುವುದು ಗುತ್ತಿಗೆಯೊಳಗೇ ಇರಲಿ, ಒಂದು ಪಾಲು ಹಣವನ್ನು ಎರಡನೇ ಬೇಸಿಗೆ ದಾಟಿ ಬದುಕಿದ ಗಿಡಗಳನ್ನು ಎಣಿಸಿದ ಮೇಲೆ ಕೊಡಿ.