ಊರಿಗೊಂದು ನಿಸರ್ಗ ಬಳಗ: ಶುರು ಮಾಡುವುದು ಹೇಗೆ?

ಕೊಪ್ಪಳ, ಗಂಗಾವತಿ ಕಡೆ ಹಕ್ಕಿ-ಪ್ರಾಣಿ ಅಂತ ನಾಲ್ಕು ಜನ ಸೇರಿದರೆ ಮೊದಲು ವಾಟ್ಸಾಪ್ ಗ್ರೂಪು ಹುಟ್ಟುತ್ತದೆ, ಮರುವಾರವೇ ದರೋಜಿ ಕರಡಿಧಾಮಕ್ಕೆ ಗಾಡಿ ಹೊರಡುತ್ತದೆ. ಹೋಗಬೇಡಿ ಅಂತಲ್ಲ. 1994ರಲ್ಲಿ ಘೋಷಣೆಯಾದ ಆ ಧಾಮದಲ್ಲಿ ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಸವರಿ ಹೋದ ಮೇಲೆ ಕರಡಿಗಳು ಇಳಿದು ಬರುವುದನ್ನು ಗೋಪುರದಿಂದ ನೋಡುವುದು ಖುಷಿಯೇ. ಆದರೆ ಅಂಥ ಪ್ರವಾಸ ಎರಡು ಮೂರು ಆಗುವಷ್ಟರಲ್ಲಿ ಗ್ರೂಪು ತಣ್ಣಗಾಗುತ್ತದೆ. ಬಳಗ ಬಾಳಬೇಕೆಂದರೆ ಊರ ಪಕ್ಕದ ಒಂದೇ ಜಾಗವನ್ನು ವರ್ಷವಿಡೀ ನೋಡಬೇಕು.

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ. ಕೆರೆ ದಂಡೆ, ಗುಡ್ಡದ ಬುಡ, ಎರೆ ಹೊಲದ ಬದು, ಯಾವುದಾದರೂ ಸರಿ. ಎರಡು ಕಿ.ಮೀ. ದಾರಿ ಸಾಕು. ತಿಂಗಳಿಗೊಮ್ಮೆ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ ನಡೆಯಿರಿ. ತುಂಗಭದ್ರಾ ಹಿನ್ನೀರಿನ ಊರಿನವರಂತೂ ಪುಣ್ಯವಂತರು. ಮಳೆಗಾಲದಲ್ಲಿ ಹೊಲದಂಚಿಗೆ ಬಂದ ನೀರು ಬೇಸಿಗೆಗೆ ದೂರ ಸರಿದು ಕೆಸರು ಬಯಲಾಗುತ್ತದೆ, ಅದರ ಜತೆ ಹಕ್ಕಿಗಳೂ ಬದಲಾಗುತ್ತವೆ. ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಕಂಡರೆ ಅನುಮಾನವೇ ಬೇಡ. ಹೊಲದಲ್ಲಿ ಮೇಯ್ದು ನೀರಿಗೆ ಮರಳುವ ಗುಂಪು ನೋಡಬೇಕಾದರೆ ನಸುಕಿಗೇ ದಂಡೆಯಲ್ಲಿರಬೇಕು.

ಎರಡನೆಯದು, ಗೊತ್ತಿದ್ದವರನ್ನು ಕೇಳುವುದು. ಕುರಿ ಕಾಯುವವರು, ಮೀನು ಹಿಡಿಯುವವರು ನಮಗಿಂತ ನೂರು ಪಾಲು ಹೆಚ್ಚು ನೋಡಿರುತ್ತಾರೆ. "ಅಜ್ಜಾ, ಈ ಕಡೆ ತ್ವಾಳ ಅದಾವೇನ್ರಿ?" ಅಂತ ಕೂತು ಕೇಳಿ. ಎಲ್ಲಿಂದ ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ, ಕುರಿಮರಿಯನ್ನು ಹೇಗೆ ಒಯ್ಯುತ್ತದೆ ಎಲ್ಲವೂ ಸಿಗುತ್ತದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಧಾಮವೇ ಆಗಿದೆ. ಆದರೆ ಹಟ್ಟಿಯಲ್ಲಿ ಕುರಿ ಕಳಕೊಂಡವರ ಮುಂದೆ ಸಂರಕ್ಷಣೆಯ ಭಾಷಣ ಬೇಡ, ಸುಮ್ಮನೆ ಕೇಳಿಸಿಕೊಳ್ಳಿ.

ಪ್ರಾಣಿ ಕಾಣದ ದಿನವೇ ಹೆಚ್ಚು. ಆಗ ನೆಲ ನೋಡಿ. ಕರಡಿಯ ಹಿಂಗಾಲಿನ ಗುರುತು ಬರಿಗಾಲಲ್ಲಿ ನಡೆದ ಮನುಷ್ಯನ ಹೆಜ್ಜೆಯಂತೆಯೇ ಇರುತ್ತದೆ, ಬೆರಳ ಮುಂದೆ ಉಗುರು ಚುಚ್ಚಿದ ತೂತು ಮಾತ್ರ ಬೇರೆ. ಹತ್ತಿರದಲ್ಲಿ ಬಗೆದ ಹುತ್ತ ಇದ್ದೀತು. ಲದ್ದಿಯನ್ನು ಕಡ್ಡಿಯಿಂದ ಕೆದಕಿದರೆ ಬಾರಿಹಣ್ಣಿನ ಬೀಜ, ಗೆದ್ದಲಿನ ತಲೆ ಸಿಗುತ್ತವೆ. ಚಿರತೆ, ಕಾಡುಬೆಕ್ಕುಗಳ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರು ಮೂಡುವುದಿಲ್ಲ. ನಾಯಿ, ನರಿ, ತೋಳದ್ದರಲ್ಲಿ ಮೂಡುತ್ತದೆ. ನಾಯಿಯದೋ ತೋಳದ್ದೋ ಎನ್ನುವುದನ್ನು ಒಂದು ಹೆಜ್ಜೆ ನೋಡಿ ಹೇಳುವವರನ್ನು ನಾನಂತೂ ನಂಬುವುದಿಲ್ಲ. ಹೊಳೆ ಬಂಡೆಯ ಮೇಲೆ ಮೀನಿನ ಪೊರೆ ತುಂಬಿದ, ಗಬ್ಬು ನಾರುವ ಹಿಕ್ಕೆ ಸಿಕ್ಕರೆ ಅದು ನೀರುನಾಯಿಯದು. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ತುಂಗಭದ್ರಾ ಹೊಳೆಯನ್ನು 2015ರಲ್ಲಿ ಅವುಗಳಿಗೆಂದೇ ಮೀಸಲು ಮಾಡಲಾಗಿದೆ.

ಕಂಡದ್ದನ್ನು ಅಲ್ಲೇ ನಿಂತು ಬರೆಯಿರಿ. ಮನೆಗೆ ಹೋಗಿ ಬರೆದರೆ ಹತ್ತು ಬಾತು ಐವತ್ತಾಗುತ್ತವೆ. ತಾರೀಖು, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಏನು, ಎಷ್ಟು, ಏನು ಮಾಡುತ್ತಿತ್ತು. ದೊಡ್ಡ ಗುಂಪಾದರೆ ಹತ್ತನ್ನು ಎಣಿಸಿ, ಅಷ್ಟಗಲದ ತುಂಡು ಎಷ್ಟಿವೆ ಎಂದು ಲೆಕ್ಕ ಹಾಕಿ. ಹೆಸರು ತಿಳಿಯದಿದ್ದರೆ ಕೊಕ್ಕಿನ ಆಕಾರ, ಕಾಲಿನ ಬಣ್ಣ ಬರೆಯಿರಿ. ಊಹಿಸಿದ ಹೆಸರು ಬೇಡ. ಕಳೆದ ಸಲ ಇದ್ದು ಈ ಸಲ ಕಾಣದ್ದನ್ನೂ ದಾಖಲಿಸಿ.

ಸಾಮಾನು ಹೆಚ್ಚು ಬೇಡ. ಎಂಟು ಪಟ್ಟು ಹಿಗ್ಗಿಸುವ ಒಂದು ದುರ್ಬೀನು ಇಡೀ ಬಳಗಕ್ಕೆ ಸಾಕು. ನೀರಿನ ಬಾಟಲಿ, ಟೋಪಿ.

ಕಲ್ಲುಗುಡ್ಡದ ಕಡೆಗೆ ಮಾತ್ರ ಬಿಸಿಲೇರಿದ ಮೇಲೆ ಹೋಗಿ, ಮಾತಾಡುತ್ತ ನಡೆಯಿರಿ. ತಿರುವಿನಲ್ಲಿ ಥಟ್ಟನೆ ಎದುರಾದ ಕರಡಿ ಮೈಮೇಲೆ ಬೀಳುವುದುಂಟು. ಬೇಸಿಗೆಯಲ್ಲಿ ಟಿಟ್ಟಿಭ ತಲೆ ಮೇಲೆ ಸುತ್ತಿ ಅರಚುತ್ತಿದ್ದರೆ ಕಾಲಡಿಯ ಕಲ್ಲುಗಳ ನಡುವೆ ಅದರ ಮೊಟ್ಟೆಗಳಿರಬಹುದು, ನೋಡಿಕೊಂಡು ಹಿಂದೆ ಸರಿಯಿರಿ.

ಹಕ್ಕಿಗಳ ಪಟ್ಟಿಯನ್ನು ಇ-ಬರ್ಡ್ ಆ್ಯಪ್‌ಗೆ ಹಾಕಬಹುದು, ಹಣ ಕೊಡಬೇಕಿಲ್ಲ. ತೋಳದ ಗವಿ, ಗೂಬೆಯ ಗೂಡು ಇರುವ ಜಾಗವನ್ನು ಮಾತ್ರ ಯಾವ ಗ್ರೂಪಿಗೂ ಹಾಕಬೇಡಿ, ಲೊಕೇಶನ್ ಸಮೇತ ಫೋಟೊ ಕೂಡ. ಅದು ಬಳಗದ ನೋಟ್‌ಬುಕ್ಕಿನಲ್ಲಿ ಇದ್ದರೆ ಸಾಕು.